ದುಂಡಪ್ಪಜ್ಜನ ಕಿರ್ದಿ

ಅಕ್ಕಲಕೋಟದ ಅಡತಿ ಅಂಗಡಿ ತೆರವು ಮಾಡುವಾಗ
ಅಟ್ಟದಿಂದ ಇಳೀತು,
ಕೆಂಪು ಅರಿವಿ ಹೊದಿಕಿ, ಬಿಳಿ ದಾರದ ಹೊಲಿಗಿ.
ಮಡಿಕಿ ಬಿಚ್ಚಿದರ ಉದುರಿತು ಮರಳು:
ಬೋರಿ ಹೊಳಿದು, ಜರಡಿ ಹಿಡಿದದ್ದು,
ಮಸಿ ಆರಲೆಂದು ಎಪ್ಪತ್ತೆಂಟು ವರ್ಷದ ಹಿಂದ
ಚಿಮುಕಿಸಿದ್ದು.

ಮೋಡಿ ನನಗ ಓದಾಕ ಬರೂದಿಲ್ಲ.
ಮ್ಯಾಲಿನ ಗೆರಿ ಮೊದಲ ಎಳದು
ಹಗ್ಗಕ್ಕ ಒಣಹಾಕಿದ ಅರಿವಿಹಂಗ
ಅಕ್ಷರ ಜೋತಬಿಟ್ಟಾನ.
ಕೈ ಮಾತ್ರ ತಿಳೀತದ:
ದೌತಿಯೊಳಗ ಅದ್ದಿದಲ್ಲಿ ಕಾಡಿಗಿ ಕಪ್ಪು,
ಹತ್ತು ಅಕ್ಷರಕ್ಕ ಬೂದಿ,
ಮತ್ತ ಕಪ್ಪು.
ಒಂದು ಕಡೆ ಹೆಬ್ಬೆರಳು ಒರಸೇದ,
ಗಿರಾಕಿ ಕರದಿರಬೇಕು.

ಜುನ್ನರದ ಕೈಕಾಗದ, ಗುಂಡ ತಿಕ್ಕಿ ನುಣುಪಾದದ್ದು.
ಮಗಳು ಗಲ್ಲಕ್ಕ ಒತ್ತಿಕೊಂಡು
"ತಣ್ಣಗದ" ಅಂದಳು.

ಶೇಂಗಾ, ಜ್ವಾಳ, ಹಮಾಲಿ
ಇರಬಹುದಾದ ಸಾಲು ದಾಟಿ
ನಲವತ್ತನೇ ಪುಟದ ಅಂಚಿಗೆ
ಒಮ್ಮಿಂದೊಮ್ಮೆಲೆ ಕನ್ನಡ, ಸಣ್ಣಗ, ಓರೆಯಾಗಿ:
"ಹೊಸ ಲೆಕ್ಕಣಿಕಿ. ಛಲೋ ಓಡತದ."

ಅಷ್ಟ.
ಯಾರಿಗೆ ಹೇಳಿದನೋ.

ಕಿಸೇದ ಪೆನ್ನಿನ ಟೊಪಗಿ ತಗದು
ಲೈಟ್ ಬಿಲ್ಲಿನ ಬೆನ್ನಿಗೆ ನಾನೂ ಅದನ್ನ ಬರದೆ.
ಅಂಗೈಯಾಗ ಮರಳು ಹಿಡದು ನಿಂತಿದ್ದಳು ಮಗಳು,
ಎಲ್ಲಿ ಚೆಲ್ಲಲಿ ಅಂತ.
ಇಲ್ಲಿ ಅಂದೆ,
ಇನ್ನೂ ಹಸಿ ಅದ.