ಎರಡನೆಯ ಓದು

ಶನಿವಾರ ಹತ್ತಕ್ಕೆ ವಿರಾಜಪೇಟೆಯ ಹಳೇ ಕಚೇರಿಯ ಮಾಳಿಗೆಯಲ್ಲಿ
ಏಳು ಜನ ಸೇರುತ್ತೇವೆ. ಸಂಬಳವಿಲ್ಲ, ಚಹಾ ಉಂಟು.
ಪುಟ ಮಗುಚದಂತೆ ಎರಡು ಅಂಚಿಗೂ
ಕರಿಮೆಣಸು ತುಂಬಿದ ಪುಟ್ಟ ಚೀಲ.
ಮೇಲಿನಿಂದ ಕ್ಯಾಮೆರಾ ಒಮ್ಮೆ ಕಣ್ಣು ಮಿಟುಕಿಸಿದರೆ
ಒಂದು ಪುಟ ಹುಳದ ಬಾಯಿಂದ ಪಾರು.

ಗೋಡೆಯ ಮೇಲೆ ಸಫಿಯಾ ಟೀಚರ ಕೈಬರಹ:
ಇದ್ದದ್ದನ್ನೇ ಬರೆಯಿರಿ. ತಿದ್ದಬೇಡಿ. ಮರುಗಬೇಡಿ.
ಕೊನೆಯದನ್ನು ಯಾರೋ ಪೆನ್ಸಿಲಿನಲ್ಲಿ ಹೊಡೆದುಹಾಕಿದ್ದಾರೆ.
ಒಂದೇ ಪುಟವನ್ನು ಇಬ್ಬರು ಓದಬೇಕು, ಒಬ್ಬರದನ್ನೊಬ್ಬರು ನೋಡದೆ.
ಹೊಂದದಿದ್ದಲ್ಲಿ ಮೂರನೆಯವರು.

ಆ ದಿನ ನನಗೆ ಬಂದದ್ದು ಕುಂಪಣಿ ಕಾಲದ ಪಾಲುಪಟ್ಟಿ,
ಅಣ್ಣತಮ್ಮಂದಿರ ವ್ಯಾಜ್ಯ. ಕಿರಿಯವನ ಪಾಲಿಗೆ
ಎತ್ತು ನಾಲ್ಕು, ಹಾಲು ಬತ್ತಿದ ಎಮ್ಮೆ ಒಂದು,
ಕಂಚು ಆರು ಸೇರು, ಒಡಿಕತ್ತಿ ಒಂದು,
ಬೊಳ್ಳಿ ಒಂದು,
ಕಾಸು ಒಂದು.

ವಸ್ತುಗಳ ಹಾಳೆಯಲ್ಲಿ ಟೈಪಿಸಿದೆ. ಸಾಲು ಇಪ್ಪತ್ತು, ಇಪ್ಪತ್ತೊಂದು.
ನಮ್ಮ ಮನೆಮಾತಿನಲ್ಲಿ ಬೆಳ್ಳಿಗೆ ಬೊಳ್ಳಿಯೇ ತಾನೆ;
ಪೀಚೆಕತ್ತಿಯ ಬೊಳ್ಳಿ ಸರಪಳಿ ಉಜ್ಜಿ ಬೆಳೆದವಳು ನಾನು,
ಅನುಮಾನ ಹುಟ್ಟಲಿಲ್ಲ.

ಕಿಟಕಿ ಪಕ್ಕದ ಮೇಜಿನಲ್ಲಿ ತಿತಿಮತಿ ಹಾಡಿಯ ಅಮ್ಮಿಣಿ
ಅದೇ ಪುಟ ಓದಿದ್ದಳು.
ಕಂಪ್ಯೂಟರು ಎರಡು ಸಾಲಿಗೆ ಕೆಂಪು ಹಚ್ಚಿತು.

ನನ್ನದು ಕಾಸು.
ಅವಳದು ಕೂಸು.

ಕಕಾರದ ಬಲಕ್ಕೆ ಹುಳ ಕೊರೆದ ತೂತು, ಸಾಸಿವೆಯಷ್ಟು.
ಅದರ ಮೇಲಂಚಿಗೆ ಶಾಯಿ ಕಂಡೆ ಅಂದುಕೊಂಡೆ ನಾನು.
ಅವಳು ಕೆಳಗೆ ಕಂಡಳು.
ಟೀಚರು ಎಂಟು ಪಟ್ಟು ದೊಡ್ಡದು ಮಾಡಿ ನೋಡಿ ಕೇಳಿದ್ದು ಇಷ್ಟೆ:
ಬೆಳ್ಳಿಯಾದರೆ ತೂಕ ಎಲ್ಲಿ?
ಕಂಚಿಗೂ ತೂಕ ಬರೆದಿದ್ದಾನಲ್ಲ ಬರೆದವನು.

ಅಮ್ಮಿಣಿ ನಕ್ಕಳೋ ಏನೋ, ಪರದೆಯ ಬೆಳಕಲ್ಲಿ ಗೊತ್ತಾಗಲಿಲ್ಲ:
"ನನ್ನಜ್ಜಿ ಬೊಳ್ಳಿ. ಅವಳತ್ತೆಯೂ ಬೊಳ್ಳಿ.
ನಮ್ಮ ಹಾಡಿಯಲ್ಲಿ ಬೊಳ್ಳಿ ಇಲ್ಲದ ಗುಡಿಸಲಿಲ್ಲ ಅಕ್ಕ,
ಬೆಳ್ಳಿ ಮಾತ್ರ ಯಾರ ಹತ್ತಿರವೂ ಇಲ್ಲ."

ಒಡೆಯನ ಹೆಸರಿದ್ದ ಮೂಲೆಗೆ ಹುಳ ಬಾಯಿ ಹಾಕಿರಲಿಲ್ಲ.
ಅದನ್ನು ಇಬ್ಬರೂ ಒಂದೇ ರೀತಿ ಓದಿದ್ದೆವು.
ನನ್ನ ಒಕ್ಕದ ಹೆಸರು. ನನ್ನ ಸಹಿಯ ಮೊದಲಕ್ಷರ.
ಬೆಳಿಗ್ಗೆಯೇ ಅದನ್ನು ಟೈಪಿಸಿ
ನನಗೊಂದು ಲೋಟ ಚಹಾ ತಂದಿಟ್ಟು
ಏನೂ ಅಂದಿರಲಿಲ್ಲ ಅವಳು.

ಎರಡು ಸಾಲು ಕತ್ತರಿಸಿ ಮನುಷ್ಯರ ಹಾಳೆಗೆ ಅಂಟಿಸಿದೆ.
ಒಟ್ಟು ನಲವತ್ತಾರು ಇದ್ದದ್ದು ನಲವತ್ತೆಂಟು.
ಹೆಸರು: ಬೊಳ್ಳಿ.
ಕೆಳಗಿನದಕ್ಕೆ ಹೆಸರಿಲ್ಲ. ಗಂಡೋ ಹೆಣ್ಣೋ, ಎಷ್ಟು ತಿಂಗಳದ್ದೋ.
ಚೌಕ ಖಾಲಿ ಬಿಟ್ಟರೆ ಕಂಪ್ಯೂಟರು ಮುಂದಿನ ಪುಟ ಕೊಡುವುದಿಲ್ಲ.
ಇದ್ದದ್ದನ್ನೇ ಬರೆಯಿರಿ, ಅನ್ನುತ್ತದೆ ಗೋಡೆ.

ಕೆಳಗೆ ಐದರ ಬಸ್ಸು ಹಾರ್ನ್ ಹೊಡೆಯಿತು.
ಅಮ್ಮಿಣಿ ಚೀಲ ಹೆಗಲಿಗೇರಿಸಿ
ನನ್ನ ಭುಜದ ಮೇಲಿಂದ ಕೈ ಚಾಚಿ
ಕ ಒತ್ತಿ, ಕೊಂಬಿನ ದೀರ್ಘ ಒತ್ತಿ,
ಸು ಒತ್ತಿ,
ಮೆಟ್ಟಿಲಿಳಿದು ಓಡಿದಳು.