ನಾಲಿಗೆ ಎಣಿಸುವ ವರ್ಷ

ಹದಿನೆಂಟು ತುಂಬಿತಲ್ಲ ಮಾಡ್ಲೇನಾ, ಹಾಳೆ ಬಂದಿದೆ.
ಮೂರು ಚೌಕ: ಜರ್ಮನ್, ಇಟಾಲಿಯನ್, ಲಾದಿನ್.
ಒಂದಕ್ಕೆ ಗೀಟು ಹಾಕಿ, ಲಕೋಟೆ ಅಂಟಿಸಿ
ಬೋಲ್ಜಾನೋದ ಕೋರ್ಟಿಗೆ ಒಪ್ಪಿಸಿ ಬರಬೇಕು.
ಉಪ್ಪಿನ ಡಬ್ಬಿಗೆ ಒರಗಿ ಕೂತು ಮೂರು ದಿನವಾಯಿತು.
ನಿನ್ನಮ್ಮ ನೋಡುತ್ತಾಳೆ, ಪಾತ್ರೆ ತೊಳೆಯುತ್ತಾಳೆ.
ನಿನ್ನಪ್ಪ ಹವಾಮಾನದ ಮಾತಾಡುತ್ತಾನೆ.

ಮೂವತ್ತೊಂದು ವರ್ಷ ನರ್ಸಾಗಿದ್ದವಳು ನಾನು,
ನಾಲಿಗೆ ಚಾಚಿ ಎಂದು ಮೂರೂ ಭಾಷೆಯಲ್ಲಿ ಹೇಳಿದವಳು.
ಯಾರದಾದರೂ ಸರಿ, ಜ್ವರದ ನಾಲಿಗೆ ಬಿಳಿ.
ಪಾದ್ರಿಯಾದರೆ ಇದರಿಂದೊಂದು ನೀತಿ ತೆಗೆಯುತ್ತಿದ್ದ.
ನಾನು ತೆಗೆಯುವುದಿಲ್ಲ. ಯಾಕೆಂದರೆ ನನ್ನಜ್ಜಿ

ನೋಟ್‌ಬುರ್ಗಾ, ಇದೇ ಆಸ್ಪತ್ರೆಯ ಕಬ್ಬಿಣದ ಮಂಚದಲ್ಲಿ
ಎಲ್ಲಿ ನೋವೆಂದು ಎರಡು ರಾತ್ರಿ ಹೇಳಿದಳು,
ಗುಡ್ಡದ ಮೇಲಿನ ಒರಟು ಜರ್ಮನ್ನಿನಲ್ಲಿ.
ಡಾಕ್ಟರು ಒಳ್ಳೆಯವನೇ, ದಕ್ಷಿಣದವನು, ತಲೆಯಾಡಿಸಿದ,
ಹೊಟ್ಟೆಗೆ ಔಷಧಿ ಕೊಟ್ಟ. ನೋವಿದ್ದದ್ದು ಎದೆಯಲ್ಲಿ.
ಗೋರಿಯ ಮೇಲೂ ಆ ಕಾಲದ ಸರ್ಕಾರ
ಅವಳ ಹೆಸರನ್ನು ತಿರುಚಿಯೇ ಕೆತ್ತಿಸಿತು.

ಅದಕ್ಕೇ ಈ ಲೆಕ್ಕ. ನೂರಕ್ಕಿಷ್ಟು ನರ್ಸು, ಇಷ್ಟು ಪೋಸ್ಟ್‌ಮನ್,
ನಮ್ಮ ತೆರಿಗೆ, ನಮ್ಮ ಶಾಲೆ, ಕಣಿವೆಗೊಂದು ನಮ್ಮದೇ ಸಭೆ.
ಇದಕ್ಕಾಗಿ ನನ್ನಪ್ಪ ಹಿಮದಲ್ಲಿ ನಿಂತು ಕೂಗಿ ದನಿ ಕಳೆದುಕೊಂಡ.
ಅದೇ ಅಪ್ಪ, ನಾನು ಒರೆಸ್ತೆಯನ್ನು ಕರೆತಂದಾಗ
(ಪೋ ನದಿ ಮನೆ ನುಂಗಿ ಇತ್ತ ಬಂದವರ ಮಗ, ರೈಲ್ವೆಯವನು)
ಆರು ವರ್ಷ ಬಾಗಿಲು ತೆಗೆಯಲಿಲ್ಲ.

ಮೊನ್ನೆ ಗುರುವಾರ ಪಂಚಾಯ್ತಿಯಲ್ಲಿ ನಾಲ್ಕು ತಾಸು ಜಗಳ:
ಬೆಟ್ಟದ ಹಾದಿಯ ಹಲಗೆಯಲ್ಲಿ ಯಾವ ಹೆಸರು ಮೇಲೆ?
ಹಲಗೆ ನೆಡುವ ಕಂತ್ರಾಟು ಗುಜ್ರಾತ್ ಜಿಲ್ಲೆಯ ಪಾಕಿಸ್ತಾನಿ ಇಫ್ತಿಖಾರನದು.
ಹಿಂದಿನ ಬೆಂಚಿನಿಂದ ಎದ್ದು, ಬೇಗ ಹೇಳಿ ಸ್ವಾಮಿ, ಅಂದ,
ನೆಲ ಹೆಪ್ಪುಗಟ್ಟಿದರೆ ಗುಂಡಿ ತೋಡಲಾಗುವುದಿಲ್ಲ.
ಎಲ್ಲರೂ ನಕ್ಕರು. ತೀರ್ಮಾನವಾಗಲಿಲ್ಲ.

ನಾನು ಯಾವುದಕ್ಕೆ ಹಾಕಿದೆ ಅಂತಲ್ಲವೇ ನಿನ್ನ ಪ್ರಶ್ನೆ?
ಕೆಲಸ ಸಿಗುವುದಕ್ಕೆ. ಎಂಬತ್ತೊಂದರಲ್ಲಿ ಜರ್ಮನ್ ನರ್ಸು ಕಮ್ಮಿಯಿದ್ದರು.
ಒರೆಸ್ತೆ ಇನ್ನೊಂದಕ್ಕೆ. ಒಂದೇ ಪೆನ್ನು.
ಆ ರಾತ್ರಿ ಊಟಕ್ಕೆ ಕೂತಾಗ ಇಬ್ಬರಿಗೂ ಒಂಥರಾ ನಾಚಿಕೆ.
ನಾನು ಬೈಯುತ್ತಿದ್ದದ್ದು ಅವನ ಮಾತಿನಲ್ಲಿ,
ಅವನು ಮಾತ್ರೆ ಎಣಿಸುತ್ತಿದ್ದದ್ದು ಕೊನೆಯವರೆಗೂ ನನ್ನದರಲ್ಲಿ.

ಯಾವುದೂ ಅಲ್ಲ ಎಂದೂ ಬರೆಯಬಹುದು. ಆದರೆ
ಅಲ್ಲದವರು ಯಾರ ಪಂಕ್ತಿಯಲ್ಲಿ ಕೂರುತ್ತಾರೆಂದು ತಿಳಿಸಬೇಕು.

ಪೆನ್ನು ಡ್ರಾಯರಿನಲ್ಲಿದೆ. ನೀಲಿಯದು, ಸ್ವಲ್ಪ ಸೋರುತ್ತದೆ.
ಹಾಳೆಯಡಿ ಏನಾದರೂ ಇಟ್ಟುಕೋ ಮಗಳೇ;
ನಮ್ಮ ಗೀಟೆರಡೂ ಮೇಜಿನ ಮರಕ್ಕೆ ಇಳಿದಿವೆ,
ಚಿಕ್ಕವಳಿದ್ದಾಗ ನೀನು ಬೆರಳಿನಿಂದ ತಡವಿ
ಇದ್ಯಾವ ಹುಳ ಅಜ್ಜಿ, ಎನ್ನುತ್ತಿದ್ದೆ.