ಮೂಲ್ಯಾಗಿನ ದೀಪ

ಮೊದಲನೇದು ಲಾಳಿ.
ಸೀರಿ ಅಂಚಿನ ಚಿತ್ರ ತೆಗೀತಿದ್ದ ತಮ್ಮಣ್ಣ ಜುಂಜಪ್ಪನವರ
ಗ್ರಾಫ್ ಹಾಳಿ ಮ್ಯಾಲ ಚೌಕ ಚೌಕ ತುಂಬಿ ಕೊಟ್ಟಿದ್ದ:
ಹಳದಿ ಲಾಳಿ, ಹಿಂದ ಬಾಲದಂಗ ಒಂದು ಕೆಂಪು ಎಳಿ.
ಎಷ್ಟು ಕೊಡೋದು ಅಂದ್ರ
ಒಂದು ಚಾ ಕುಡಸು ಅಂದ.

ಬನಹಟ್ಟಿಯೊಳಗ ನೂಲಿನ ಅಂಗಡಿ ಮ್ಯಾಲಿನ ಮಾಳಿಗಿ
ನಮ್ಮ ಸ್ಟುಡಿಯೊ. ಅಂದ್ರ
ಒಂದು ಕ್ಯಾಮೆರಾ, ಒಂದು ಹಸರ ಪರದೆ,
ಮಗ್ಗದ ಸಪ್ಪಳ ಒಳಗ ಬರಬಾರದಂತ
ಕಿಡಕಿಗೆ ಬಡದ ಎರಡು ಹಳೇ ಗಾದಿ.
ಆದ್ರೂ ಬರ್ತಿತ್ತು.
ಮಹಾನಂದಾ ಹೂಗಾರ ಸುದ್ದಿ ಓದುವಾಗ
ಆಕಿ ಉಸಿರು ತಗೊಳ್ಳೋ ಜಾಗಾದಾಗ
ಖಟ್ ಖಟ್, ಖಟ್ ಖಟ್,
ಯಾರದೋ ಒಂದು ಸೀರಿ ಬೆಳೀತಿತ್ತು.

ನಳ ಯಾವಾಗ ಬರ್ತಾವ, ಯಾರ ಎಮ್ಮಿ ತಪ್ಪಿಸಿಕೊಂಡೈತಿ,
ಮಂಗಳವಾರ ಯಾವ ಓಣಿಗೆ ಕರೆಂಟ್ ಇಲ್ಲ,
ನಾವು ಹೇಳಿದ ಮ್ಯಾಲೇ ಊರಿಗೆ ಖರೆ.

ಸೆಟ್‌ಟಾಪ್ ಬಾಕ್ಸ್ ಬಂದ ವರ್ಷ
ಚನಮಲ್ಲಪ್ಪ ಉಮದಿ ಕೈ ಸೋತು
ಲಾಳಿ ಮಾರಿದ, ಸಕ್ಕರಿ ಕಾರ್ಖಾನಿ ಸಾವಕಾರಗ.
ಮೂಲ್ಯಾಗ ಮೂರು ಕಬ್ಬು ಎದ್ದು ನಿಂತವು.
ಕಾರ್ಖಾನಿ ಗೇಟಿಗೆ ಜನ ಕುಂತ ದಿನ
ನಾವು ಎರಡು ತಾಸು ಹೂವಿನ ಪ್ರದರ್ಶನ ತೋರಿಸಿದ್ವಿ.
ಚಲೋ ಹೂವು ಇದ್ದವು, ಸುಳ್ಳು ಯಾಕ ಹೇಳ್ಲಿ.

ಆಮ್ಯಾಲ ಇಲೆಕ್ಷನ್. ಏಳು ತಿಂಗಳ ಮೊದಲ
ಒಬ್ಬ ಬಂದ. ಬಿಳಿ ಕುದರಿ ತಂದ.
ಎಣಿಕಿ ದಿನ ಮಧ್ಯಾಹ್ನ ಹನ್ನೆರಡಕ್ಕ
ಅವನ ಫೋನ್ ಬಂದಾತು.
ಪಗಾರಿಲ್ಲ, ಬಾಡಗಿ ಇಲ್ಲ,
ಕುದರಿ ಮಾತ್ರ ಮುಂದಿನ ಎರಡು ಕಾಲು ಎತ್ತಿ
ಹಂಗ ನಿಂತಿತ್ತು ಮೂಲ್ಯಾಗ,
ಎಲ್ಲಿಗೆ ಹೋಗ್ಬೇಕಂತ ಯಾರೂ ಹೇಳದ ಕುದರಿ.

ಮೈಕಿನ ಡಬ್ಬಿ ಮಾತ್ರ ಅದೇ, ಥರ್ಮಾಕೋಲಿಂದು.
ಹಳೇದು ಕೀಳಾಕ ಹೋದ್ರ ಡಬ್ಬೀನ ಕಿತ್ತು ಬರ್ತೈತಿ.
ಅದಕ ಲಾಳಿ ಮ್ಯಾಲ ಕಬ್ಬು, ಕಬ್ಬಿನ ಮ್ಯಾಲ ಕುದರಿ,
ಅಂಟಸೋ ಕೆಲಸ ನಂದು.

ಇನ್ನೊಂದು ಹೇಳ್ಬೇಕು.
ಬಸಲಿಂಗವ್ವನ ಖಾನಾವಳ್ಯಾಗ ಹಳೇ ಡಬ್ಬಾ ಟಿವಿ ಐತಿ.
ಹತ್ತು ವರ್ಷ ಅದೊಂದೇ ಚಾನೆಲ್ ಹಚ್ಚಿ ಹಚ್ಚಿ
ಗಾಜಿನ ಮೂಲಿ ಸುಟ್ಟು ಲಾಳಿ ಅಚ್ಚಾಗೇತಿ.
ಟಿವಿ ಬಂದ್ ಮಾಡಿದ್ರೂ ಕಾಣ್ತೈತಿ.
ಕುದರಿ ಬಂದಾಗ ಕುದರಿ ಹೊಟ್ಯಾಗ ಕಂಡಿತು.
‘ಬಸರೈತಿ ನೋಡು’ ಅಂತ ನಕ್ಕಿದ್ಲು ಮುದುಕಿ
ರೊಟ್ಟಿ ತಿರುವಿ ಹಾಕ್ತ.

ಈಗ ಹುಬ್ಬಳ್ಳಿ ಕಂಪನಿ ತಗೊಂಡೈತಿ.
ಸೋಮವಾರ ರಾತ್ರಿ ಫೋನ್:
ಹನ್ನೆರಡಕ್ಕ ಹಳೇದು ತಗೀರಿ, ಹೊಸಾದು ಮೇಲ್ ಮಾಡ್ತೀವಿ.
ಹನ್ನೆರಡಕ್ಕ ಕುದರಿ ಅಳಿಸಿದೆ.
ಮೇಲ್ ಬರಲಿಲ್ಲ.

ಮೂಲಿ ಖಾಲಿ.
ಅಷ್ಟು ಸ್ವಚ್ಛ ಮೂಲಿ ನಾ ಹದಿನಾರು ವರ್ಷದಾಗ ನೋಡಿರಲಿಲ್ಲ.
ಏನು ತೋರಸ್ಬೇಕು ತಿಳೀಲಿಲ್ಲ,
ಯಾರ ಹೆಸರಲೆ ತೋರಸ್ಬೇಕು ಅದೂ ತಿಳೀಲಿಲ್ಲ.
ಎದ್ದು ಹೋಗಿ ಕಿಡಕಿಯ ಗಾದಿ ಕಿತ್ತೆ.
ಕ್ಯಾಮೆರಾ ಓಣಿ ಕಡೆ ತಿರುವಿದೆ.
ಕಂಬದ ದೀಪ, ದೀಪದ ಬುಡಕ್ಕ ಒಂದು ನಾಯಿ,
ನೂಲಿನ ಗಂಟು ಹೊತ್ತ ಸೈಕಲ್ ಒಂದು ಹಾದು ಹೋತು.
ರಾತ್ರಿ ಪಾಳಿಯ ಮಗ್ಗಗಳೆಲ್ಲಾ
ಒಮ್ಮೆಲೇ ಒಳಗ ಬಂದವು.

ಹನ್ನೆರಡೂ ಇಪ್ಪತ್ತಕ್ಕ ಒಂದು ಫೋನ್.
ಎತ್ತಿದ್ರ ಅತ್ತಲಾಗೂ ಅದೇ ಖಟ್ ಖಟ್,
ನಡುವ ಯಾರೋ ನೇಕಾರನ ದನಿ:
‘ಅಣ್ಣಾ, ಮೂಲ್ಯಾಗಿನ ದೀಪ ಆರೇತಿ.
ಯಾರರ ಹೋದ್ರೇನ?’
ಇಲ್ಲಪಾ, ಅಂದೆ. ಬರಾವರು ಇನ್ನೂ ಬಂದಿಲ್ಲ.
‘ಹಂಗಾರ ಇದು ಯಾರದು ಈಗ?’
ನನಗ ಹೇಳಾಕ ಬರಲಿಲ್ಲ.
ಅವನೂ ಇಡಲಿಲ್ಲ, ನಾನೂ ಇಡಲಿಲ್ಲ.
ಅವನ ಮಗ್ಗ ಒಂದು ಗಳಿಗಿ ಹಿಂದ, ಟಿವಿಯೊಳಗಿಂದು ಒಂದು ಗಳಿಗಿ ಮುಂದ.

ಒಂದಕ್ಕ ಹತ್ತು ಕಮ್ಮಿ ಇದ್ದಾಗ ಮೇಲ್ ಬಂತು.
ನೀಲಿ ಉಂಡಿ, ಅದರ ಮ್ಯಾಲ ಬಿಳಿ ಗೀರು.
ಹಚ್ಚಿದೆ.

ಮುಂಜಾನೆ ಮಹಾನಂದಾ ‘ನಮಸ್ಕಾರ, ನೀವು ನೋಡ್ತಾ ಇರೋದು’
ಅಂದು ನಿಂತ್ಲು.
ನನ್ನ ಕಡೆ ನೋಡಿದ್ಲು.
ಆ ಹೆಸರು ಹೆಂಗ ಅನ್ನೋದಂತ ನನಗೂ ಗೊತ್ತಿರಲಿಲ್ಲ.
ಒಂದು ಗಾದಿ ಇನ್ನೂ ನೆಲದ ಮ್ಯಾಲೇ ಬಿದ್ದಿತ್ತು.